22 ಸಾವಿರ ಡಾಲರ್, ಮ್ಯಾನ್ಯುವಲ್ ಗೇರ್, ಎರಡು ಬಾಗಿಲು: ಹೊಸ ಜಿಆರ್86 ತಗೊಳ್ಳಲಾ, ಹಳೆಯದನ್ನು ಹುಡುಕಲಾ?

ಕೊಪ್ಪ_ಕೊಲಂಬಸ್ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನಿರುವುದು ಓಹಾಯೊದ ಕೊಲಂಬಸ್‌ನಲ್ಲಿ, ಊರು ಕೊಪ್ಪ. ಅಮೆರಿಕಕ್ಕೆ ಬಂದು ಆರು ವರ್ಷವಾಯಿತು. ಇಷ್ಟು ದಿನ ಹಳೆಯ ಕೊರೊಲಾ ಓಡಿಸಿದೆ. ಒಂದು ದಿನವೂ ಕೈಕೊಟ್ಟಿಲ್ಲ, ಅದಕ್ಕೆ ಋಣಿ. ಆದರೆ ಅದನ್ನು ಓಡಿಸುವಾಗ ಮನಸ್ಸಿಗೆ ಏನೂ ಅನ್ನಿಸುವುದಿಲ್ಲ.

ನಾನು ಗಾಡಿ ಕಲಿತದ್ದು ಅಪ್ಪನ ಮಾರುತಿ 800ರಲ್ಲಿ. ಆಗುಂಬೆ ಘಾಟಿ ಇಳಿಯುವಾಗ ತಿರುವಿಗೆ ಮುಂಚೆಯೇ ಸೆಕೆಂಡ್ ಗೇರ್‌ಗೆ ಇಳಿಸು, ಬ್ರೇಕ್ ಮೇಲೇ ಕೂರಬೇಡ ಅಂತ ಅಪ್ಪ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಆ ಪುಟ್ಟ ಗಾಡಿಯಲ್ಲಿ ರಸ್ತೆಯ ಒಂದೊಂದು ಕಲ್ಲೂ ಕೈಗೆ ಗೊತ್ತಾಗುತ್ತಿತ್ತು. ಆ ಖುಷಿ ಮತ್ತೆ ಬೇಕು ಅನ್ನಿಸಿದೆ. ಮನೆಯಲ್ಲಿ ಹೆಂಡತಿಯ ಸಿಆರ್-ವಿ ಇದೆ. ಹಾಗಾಗಿ ಇದು ಎರಡನೇ ಗಾಡಿ, ಆದರೆ ಆಫೀಸಿಗೂ ಇದರಲ್ಲೇ ಹೋಗಬೇಕು.

ಕೈಯಲ್ಲಿರುವುದು 22 ಸಾವಿರ ಡಾಲರ್. ಟ್ಯಾಕ್ಸು ಗೀಕ್ಸು ಎಲ್ಲ ಅದರಲ್ಲೇ ಮುಗಿಯಬೇಕು. ನೋಡಿಟ್ಟಿರುವುದು ಇಷ್ಟು:

ಒಂದು, ಹೊಸ ಟೊಯೋಟಾ ಜಿಆರ್86. ಡೀಲರ್ ಎಲ್ಲ ಸೇರಿಸಿ ಕೊಟ್ಟ ಲೆಕ್ಕ 34 ಸಾವಿರದ ಹತ್ತಿರ. ಮಿಕ್ಕಿದ್ದಕ್ಕೆ ಸಾಲ ಮಾಡಬೇಕು. ಎರಡು, 2017ರ ಟೊಯೋಟಾ 86, ಮ್ಯಾನ್ಯುವಲ್, 58 ಸಾವಿರ ಮೈಲಿ ಓಡಿದೆ. ಮಾಲೀಕರೇ ಮಾರುತ್ತಿದ್ದಾರೆ, 17,500 ಕೇಳುತ್ತಿದ್ದಾರೆ. ಮೂರು, 2018ರ ಫೋರ್ಡ್ ಮಸ್ಟಾಂಗ್ ಇಕೋಬೂಸ್ಟ್. ಹೆಚ್ಚು ಕಡಿಮೆ ಅದೇ ಬೆಲೆ, ಪವರ್ ನೂರು ಕುದುರೆಯಷ್ಟು ಜಾಸ್ತಿ.

ಅನುಭವ ಇರುವವರು ದಯವಿಟ್ಟು ಹೇಳಿ. ಶನಿವಾರ 86 ನೋಡಲು ಹೋಗುತ್ತೇನೆ.

ದಾವಣಗೆರೆ_ಡೆಟ್ರಾಯ್ಟ್

ತಮ್ಮಾ, ಮೊದಲು ಒಂದು ಮಾತು. 22 ಸಾವಿರ ಇದೆ ಅಂದರೆ ಗಾಡಿಗೆ 18 ಸಾವಿರ ಅಂತ ಲೆಕ್ಕ ಹಾಕಿಕೊಳ್ಳಿ. ಮಿಕ್ಕಿದ್ದು ಟ್ಯಾಕ್ಸ್, ಇನ್ಶೂರೆನ್ಸ್, ನಾಲ್ಕು ಟೈರ್ ಮತ್ತು ಮೊದಲ ವರ್ಷ ಬರುವ ರಿಪೇರಿಗೆ. ಹಳೆಯ ಸ್ಪೋರ್ಟ್ಸ್ ಗಾಡಿ ತಗೊಂಡು ಮೊದಲ ವರ್ಷ ಕೈಯಿಂದ ಏನೂ ಖರ್ಚಾಗದೇ ಇದ್ದವರನ್ನು ನಾನು ನೋಡಿಲ್ಲ.

ಈಗ ಗಾಡಿಯ ವಿಷಯ. ಟೊಯೋಟಾ ಮತ್ತು ಸುಬಾರು ಸೇರಿ ಮಾಡಿದ ಗಾಡಿ ಇದು. ಒಂದೇ ಗಾಡಿಗೆ ಮೂರು ಹೆಸರು. 2013ರಿಂದ 2016ರವರೆಗೆ ಸಯಾನ್ ಎಫ್‌ಆರ್-ಎಸ್, ಟೊಯೋಟಾದವರು ತಮ್ಮ ಸಯಾನ್ ಬ್ರ್ಯಾಂಡ್ ಮುಚ್ಚಿದ ಮೇಲೆ 2017ರಿಂದ ಟೊಯೋಟಾ 86, ಮೊದಲಿನಿಂದಲೂ ಜೊತೆಗೇ ಸುಬಾರು ಬಿಆರ್‌ಝಡ್. ಹುಡುಕುವಾಗ ಮೂರು ಹೆಸರಲ್ಲೂ ಹುಡುಕಿ. ಎಷ್ಟೋ ಜನ ಒಂದೇ ಹೆಸರಲ್ಲಿ ಹುಡುಕಿ ಒಳ್ಳೆಯ ಗಾಡಿ ಕಳೆದುಕೊಳ್ಳುತ್ತಾರೆ.

ಎಂಜಿನ್ 2 ಲೀಟರ್ ಬಾಕ್ಸರ್. ಪಿಸ್ಟನ್‌ಗಳು ಅಡ್ಡ ಮಲಗಿರುತ್ತವೆ. ಹಾಗಾಗಿ ಎಂಜಿನ್ ತಗ್ಗಿನಲ್ಲಿ ಕೂರುತ್ತದೆ, ಗಾಡಿಯ ತೂಕವೂ ನೆಲದ ಹತ್ತಿರವೇ ಇರುತ್ತದೆ. ತಿರುವಿನಲ್ಲಿ ಗಾಡಿ ವಾಲದೆ ಹೋಗುವುದಕ್ಕೆ ಇದೂ ಒಂದು ಕಾರಣ. ಮೊದಲು 200 ಕುದುರೆ ಇತ್ತು. 2017ರಲ್ಲಿ ಮ್ಯಾನ್ಯುವಲ್ ಗಾಡಿಗೆ 205 ಆಯಿತು, ಹಿಂದಿನ ಆಕ್ಸಲ್ ಗೇರ್ ಅನುಪಾತ ಕೂಡ 4.1ರಿಂದ 4.3ಕ್ಕೆ ಏರಿತು. ಕಾಗದದಲ್ಲಿ ಸಣ್ಣ ಬದಲಾವಣೆ, ಓಡಿಸಿದಾಗ ಚೆನ್ನಾಗಿ ಗೊತ್ತಾಗುತ್ತದೆ. ಆದರೂ 3,500ರಿಂದ 4,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ನಡುವೆ ಎಂಜಿನ್ ಒಂದು ಗುಕ್ಕು ಉಸಿರು ಹಿಡಿದ ಹಾಗೆ ಆಗುತ್ತದೆ. ಅದು ಆ ಎಂಜಿನ್ನಿನ ಸ್ವಭಾವ, ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಮೇಲೆ 7,000ದವರೆಗೆ ಎಳೆದರೆ ಮಜಾ ಬರುತ್ತದೆ.

2013ರ ಮಾದರಿ ಸಿಕ್ಕರೆ ಮಾತ್ರ ಹುಷಾರು. ವಾಲ್ವ್ ಸ್ಪ್ರಿಂಗ್ ಸಲುವಾಗಿ 2018ರ ಕೊನೆಯಲ್ಲಿ ರೀಕಾಲ್ ಬಂತು, ಅಂದರೆ ಕಂಪನಿಯೇ ಗಾಡಿ ವಾಪಸ್ ಕರೆಸಿ ಸರಿಮಾಡಿಕೊಡುವುದು. ಆ ಕೆಲಸಕ್ಕೆ ಎಂಜಿನ್ ಕೆಳಗಿಳಿಸಿ ಬಿಚ್ಚಬೇಕು. ಯಾರು ಮಾಡಿದರು, ಯಾವಾಗ ಮಾಡಿದರು, ಆಮೇಲೆ ಗಾಡಿ ಎಷ್ಟು ಸಾವಿರ ಮೈಲಿ ಓಡಿದೆ ಅನ್ನುವ ಕಾಗದ ಇಲ್ಲದಿದ್ದರೆ ಬಿಟ್ಟುಬಿಡಿ. ನಿಮ್ಮ ಬಜೆಟ್‌ಗೆ 2017ರ ಮೇಲಿನದು ಬರುತ್ತದೆ, ಅದರಲ್ಲೇ ಹುಡುಕಿ.

ನನ್ನ ಸ್ಪಷ್ಟ ಅಭಿಪ್ರಾಯ: ಯಾವ ಮಾಡೆಲ್ ಅನ್ನುವುದಕ್ಕಿಂತ ಯಾರ ಕೈಯಲ್ಲಿ ಇತ್ತು ಅನ್ನುವುದನ್ನು ನೋಡಿ ತಗೊಳ್ಳಿ.

ಮಂಡ್ಯ_ಮಸ್ಟಾಂಗ್

ನನ್ನ ಹೆಸರೇ ಹೇಳುತ್ತದೆ, ನಾನು ಯಾವ ಕಡೆ ಅಂತ. ಆದರೂ ನ್ಯಾಯವಾಗಿ ಹೇಳುತ್ತೇನೆ.

ಹಳೆಯ ಮಸ್ಟಾಂಗ್ ನೇರ ರಸ್ತೆಗೆ ಮಾತ್ರ ಲಾಯಕ್ಕು ಅಂತ ಜನ ಈಗಲೂ ಹೇಳುತ್ತಾರೆ. 2015ರಿಂದ ಅದು ಸುಳ್ಳು. ಆ ವರ್ಷ ಹಿಂದಿನ ಚಕ್ರಗಳಿಗೂ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು, ಅಂದರೆ ಎರಡೂ ಚಕ್ರ ತಮ್ಮ ಪಾಡಿಗೆ ತಾವು ಏರಿಳಿಯುತ್ತವೆ. ಇಕೋಬೂಸ್ಟ್ 2.3 ಲೀಟರ್ ಟರ್ಬೊ, 310 ಕುದುರೆ. ಹೈವೇಯಲ್ಲಿ ಸಿಕ್ಸ್ತ್ ಗೇರ್‌ನಲ್ಲೇ ಓವರ್‌ಟೇಕ್ ಮಾಡಬಹುದು, 86ರಲ್ಲಿ ಎರಡು ಗೇರ್ ಇಳಿಸಬೇಕು. ದೂರದ ಪ್ರಯಾಣಕ್ಕೆ ಸೀಟು ಆರಾಮ. ನಾನು ಷಾರ್ಲೆಟ್‌ನಿಂದ ನ್ಯೂಜೆರ್ಸಿಗೆ ಒಂದೇ ದಿನದಲ್ಲಿ ಹೋಗಿದ್ದೇನೆ. ಇಳಿದಾಗ ಬೆನ್ನು ನೋವಿರಲಿಲ್ಲ.

ಇನ್ನೊಂದು ವಿಷಯ ಗೊತ್ತಿರಲಿ. 2024ರ ಹೊಸ ಮಸ್ಟಾಂಗ್‌ನಲ್ಲಿ ಇಕೋಬೂಸ್ಟ್‌ಗೆ ಮ್ಯಾನ್ಯುವಲ್ ಗೇರ್ ಕೊಡುವುದನ್ನೇ ನಿಲ್ಲಿಸಿದರು. ಷೆವರ್ಲೆ ಕ್ಯಾಮರೊ ತಯಾರಿ 2023ರ ಡಿಸೆಂಬರ್‌ನಲ್ಲಿ ನಿಂತಿತು. ಅಗ್ಗದ ಬೆಲೆಗೆ ಕ್ಲಚ್ ಇರುವ ಅಮೆರಿಕನ್ ಕೂಪೆ ಬೇಕು ಅಂದರೆ ಇನ್ನು ಹಳೆಯದನ್ನೇ ನೋಡಬೇಕು.

ಆದರೆ ತೂಕ ಸುಮಾರು 1,600 ಕಿಲೋ. 86 ಇರುವುದು 1,250ರ ಆಸುಪಾಸಿನಲ್ಲಿ. ನೀವು ಮಾರುತಿ 800ರ ಆ ಖುಷಿ ಬೇಕು ಅಂತ ಬರೆದಿದ್ದೀರಿ. ಆ ಸಾಲು ಎರಡು ಸಲ ಓದಿದೆ. ಅದು ಮಸ್ಟಾಂಗ್‌ನಲ್ಲಿ ಸಿಗುವುದಿಲ್ಲ. ನನ್ನ ಗಾಡಿ ಮೇಲೆ ನನಗೆ ಪ್ರಾಣ, ಆದರೆ ನಿಮಗೆ ಬೇಕಾಗಿರುವುದು ಅದಲ್ಲ.

ಹೋಗುವ ಮುಂಚೆ ಗಾಡಿಯ ವಿನ್ ನಂಬರ್ (ಪ್ರತಿ ಗಾಡಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಕೊಟ್ಟು ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಕೇಳಿಕೊಳ್ಳಿ. ತಗೊಂಡ ಮೇಲೆ ಕೇಳಿ ತಲೆ ಮೇಲೆ ಕೈ ಹೊತ್ತವರು ನನ್ನ ಗೆಳೆಯರಲ್ಲೇ ಇದ್ದಾರೆ.

ಪುತ್ತೂರಿನ_ಅಕ್ಕ

ನಮ್ಮ ಮನೆಯಲ್ಲಿ ಏಳು ವರ್ಷದಿಂದ 2015ರ ಬಿಆರ್‌ಝಡ್ ಇದೆ. ಓಡಿಸುವುದು ನಾನೇ. ದಿನವೂ ಬಳಸುತ್ತೇನೆ ಅಂತ ಹೇಳಿದ್ದರಿಂದ ಅದರ ಬಗ್ಗೆ ಬರೆಯುತ್ತಿದ್ದೇನೆ.

ಹಿಂದಿನ ಸೀಟು ಹೆಸರಿಗೆ ಸೀಟು. ದೊಡ್ಡವರು ಕೂರಲಾರರು. ಮಗು ಹುಟ್ಟಿದಾಗ ಹಿಂದಕ್ಕೆ ಮುಖ ಮಾಡಿ ಕೂರಿಸುವ ಚೈಲ್ಡ್ ಸೀಟ್ ಹಾಕಿದೆವು. ಮುಂದಿನ ಸೀಟನ್ನು ಡ್ಯಾಶ್‌ಬೋರ್ಡ್‌ಗೆ ತಾಗುವಷ್ಟು ಸರಿಸಬೇಕಾಯಿತು. ನಮ್ಮವರು ಆರಡಿ ಎತ್ತರ, ಅಲ್ಲಿ ಕೂರಲು ಆಗುತ್ತಲೇ ಇರಲಿಲ್ಲ. ನಾನೂ ಮಗುವೂ ಮಾತ್ರ ಹೋಗುತ್ತಿದ್ದೆವು. ಮಗು ದೊಡ್ಡದಾಗಿ ಮುಂದಕ್ಕೆ ಮುಖ ಮಾಡಿ ಕೂತ ಮೇಲೆ ಸುಲಭವಾಯಿತು. ಈಗ ಅವನಿಗೆ ಆರು ವರ್ಷ. ಆ ಹಿಂದಿನ ಸೀಟು ಅವನ ಸ್ವಂತ ಕೋಣೆ ಇದ್ದ ಹಾಗೆ.

ಡಿಕ್ಕಿ ಚಿಕ್ಕದು. ಆದರೆ ಹಿಂದಿನ ಸೀಟಿನ ಬೆನ್ನು ಮಡಚಿದರೆ ನಾಲ್ಕು ಚಕ್ರ ಟೈರ್ ಸಮೇತ ಹಿಡಿಯುತ್ತವೆ. ಇಂಡಿಯನ್ ಅಂಗಡಿಯಿಂದ 20 ಪೌಂಡಿನ ಸೋನಾ ಮಸೂರಿ ಐದು ಚೀಲ ತಂದಿದ್ದೇನೆ. ಒಂದೇ ತೊಂದರೆ, ಆ ಬೆನ್ನು ಒಂದೇ ತುಂಡು. ಹಿಂದೆ ಮಗು ಕೂತಿದ್ದರೆ ಮಡಚಲು ಆಗದು.

ಹಿಮ? ನಾನಿರುವುದು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ. ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ ಅಲ್ವಾ. ಎಂಜಿನ್ ಬಲ ಹಿಂದಿನ ಚಕ್ರಕ್ಕೆ ಹೋಗುವ ಗಾಡಿ ಹಿಮದಲ್ಲಿ ಆಗುವುದಿಲ್ಲ ಅನ್ನುವುದು ಅರ್ಧ ಸತ್ಯ. ನವೆಂಬರ್‌ನಲ್ಲಿ ನಾಲ್ಕೂ ವಿಂಟರ್ ಟೈರ್ ಹಾಕಿಸುತ್ತೇನೆ. ಇಷ್ಟು ವರ್ಷದಲ್ಲಿ ಸಿಕ್ಕಿಕೊಂಡದ್ದು ಒಂದೇ ಸಲ, ಅದೂ ಹಿಮ ಬಂಪರ್‌ಗಿಂತ ಮೇಲೆ ಇದ್ದಾಗ. ಬೇಸಿಗೆ ಟೈರ್ ಮೇಲೆ ಮಾತ್ರ ಚಳಿಗಾಲ ಕಳೆಯಬೇಡಿ. ಸುಮಾರು 7 ಡಿಗ್ರಿ ಸೆಲ್ಸಿಯಸ್ ಕೆಳಗೆ ಆ ರಬ್ಬರ್ ಕಲ್ಲಾಗುತ್ತದೆ.

ನಮ್ಮ ಗಾಡಿಯಲ್ಲಿ ಇದುವರೆಗೆ ದೊಡ್ಡ ಖರ್ಚು ಅಂದರೆ ಕ್ಲಚ್ ಬೇರಿಂಗ್. ಪೆಡಲ್ ಒತ್ತಿದಾಗ ಕಿರ್ ಅನ್ನುತ್ತಿತ್ತು. ಬೇರಿಂಗ್ ಅಗ್ಗ, ಗೇರ್‌ಬಾಕ್ಸ್ ಇಳಿಸುವ ಕೂಲಿ ಜಾಸ್ತಿ. ಇಳಿಸಿದ್ದಾರೆ ಅಂತ ಕ್ಲಚ್ಚನ್ನೂ ಒಟ್ಟಿಗೇ ಬದಲಿಸಿದೆವು.

ಹುಬ್ಬಳ್ಳಿ_ಹ್ಯೂಸ್ಟನ್

ನಾನು ಎಲ್ಲರಿಗೂ ಎದುರು ಹೇಳುತ್ತೇನೆ. ಹೊಸದನ್ನೇ ತಗೊಳ್ರಿ.

ನನ್ನದು 2023ರ ಜಿಆರ್86, ಆ 86ರ ಹೊಸ ತಲೆಮಾರು. ಹೊಸ ಎಂಜಿನ್ 2.4 ಲೀಟರ್, 228 ಕುದುರೆ. ದೊಡ್ಡ ವಿಷಯ ಕುದುರೆಯದಲ್ಲ, ಟಾರ್ಕಿನದು, ಅಂದರೆ ಎಂಜಿನ್ ಎಳೆಯುವ ಬಲದ್ದು. ಪೂರ್ತಿ ಟಾರ್ಕ್ 3,700 ಆರ್‌ಪಿಎಂಗೇ ಸಿಗುತ್ತದೆ. ಮೇಲೆ ದಾವಣಗೆರೆ ಸರ್ ಹೇಳಿದ ಆ ಉಸಿರು ಹಿಡಿಯುವ ಕಾಯಿಲೆ ಇದರಲ್ಲಿ ಇಲ್ಲ. ದಿನಾ ಆಫೀಸಿಗೆ ಹೋಗುವವರಿಗೆ ಇದು ದೊಡ್ಡ ವ್ಯತ್ಯಾಸ. ತೂಕವೂ ಹೆಚ್ಚೇನೂ ಏರಿಲ್ಲ.

ಮೂರು ವರ್ಷ ಅಥವಾ 36 ಸಾವಿರ ಮೈಲಿ ಪೂರ್ತಿ ವಾರಂಟಿ, ಎಂಜಿನ್ ಗೇರ್‌ಬಾಕ್ಸಿಗೆ ಐದು ವರ್ಷ ಅಥವಾ 60 ಸಾವಿರ. ಹೊಸದಾಗಿ ತಗೊಂಡವರಿಗೆ ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್ನಿನ ಒಂದು ವರ್ಷದ ಸದಸ್ಯತ್ವ ಮತ್ತು ಒಂದು ದಿನ ಟ್ರ್ಯಾಕ್ ಮೇಲೆ ತರಬೇತಿ ಪುಕ್ಕಟೆ ಸಿಗುತ್ತದೆ. ನಾನು ಆ ಒಂದು ದಿನದಲ್ಲಿ ಕಲಿತಷ್ಟು ಹತ್ತು ವರ್ಷದಲ್ಲಿ ಕಲಿತಿರಲಿಲ್ಲ. ಪಕ್ಕದಲ್ಲಿ ಕೂತ ಗುರುಗಳು ಹೇಳಿದ್ದು ಒಂದೇ ಮಾತು, ಕಣ್ಣು ತಿರುವಿನ ಆಚೆಗೆ ಇಡು ಅಂತ.

ಒಂದು ಎಚ್ಚರಿಕೆ. ಟ್ರ್ಯಾಕ್ ಮೇಲೆ ಬಲಕ್ಕೆ ಉದ್ದದ ತಿರುವುಗಳಲ್ಲಿ ಎಣ್ಣೆಯ ಪ್ರೆಷರ್ ಬೀಳುತ್ತದೆ ಅನ್ನುವ ಚರ್ಚೆ ಈ ಗಾಡಿ ಬಂದಾಗಿನಿಂದ ಇದೆ. ರಸ್ತೆ ಮೇಲೆ ಓಡಿಸುವವರಿಗೆ ಅದರ ಚಿಂತೆ ಇಲ್ಲ. ಪದೇ ಪದೇ ಟ್ರ್ಯಾಕಿಗೆ ಹೋಗುವವರು ಎಣ್ಣೆ ಮಟ್ಟ ಪ್ರತಿ ಸಲವೂ ನೋಡಬೇಕು.

ದಾವಣಗೆರೆ_ಡೆಟ್ರಾಯ್ಟ್

ಹುಬ್ಬಳ್ಳಿ ಸರ್, ಗಾಡಿ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅವರ ಹತ್ತಿರ 22 ಇದೆ, ಗಾಡಿ 34. ಮಿಕ್ಕ 12 ಸಾವಿರಕ್ಕೆ ಐದು ವರ್ಷ ಕಂತು ಕಟ್ಟಬೇಕು, ಸಾಲ ತೀರುವವರೆಗೆ ಪೂರ್ತಿ ಇನ್ಶೂರೆನ್ಸೂ ಬೇಕು. ಅದೂ ಕೆಲಸದ ವೀಸಾ ಮೇಲೆ ಇದ್ದರೆ, ನಾಳೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು 60 ದಿನ ಅಷ್ಟೇ. ಎರಡನೇ ಗಾಡಿಗೆ ಸಾಲ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹುಬ್ಬಳ್ಳಿ_ಹ್ಯೂಸ್ಟನ್

ಅದು ಒಪ್ಪಿದೆ ಸರ್. ವೀಸಾ ವಿಷಯ ನಾನು ಯೋಚಿಸಿರಲಿಲ್ಲ. ಕೊಪ್ಪದವರೇ, ಗ್ರೀನ್ ಕಾರ್ಡ್ ಇಲ್ಲದಿದ್ದರೆ ಹಳೆಯದೇ ಸರಿ.

ಧಾರವಾಡ_ಡಲ್ಲಾಸ್

ಹೋಂಡಾ ಸಿವಿಕ್ ಎಸ್‌ಐ ಕೂಪೆಯನ್ನು ಯಾರೂ ಹೇಳಲಿಲ್ಲವಲ್ಲ! 2017ರಿಂದ 2020ರವರೆಗೆ ಬಂತು. 1.5 ಟರ್ಬೊ, 205 ಕುದುರೆ, ಮ್ಯಾನ್ಯುವಲ್ ಬಿಟ್ಟು ಬೇರೆ ಗೇರೇ ಇಲ್ಲ. ಹಿಂದೆ ಇಬ್ಬರು ನಿಜವಾಗಿಯೂ ಕೂರಬಹುದು, ಮೈಲೇಜೂ ಚೆನ್ನ. ಗೇರ್ ಲಿವರ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಗುತ್ತದೆ. ಎಂಜಿನ್ ಬಲ ಮುಂದಿನ ಚಕ್ರಕ್ಕೆ ಹೋಗುವ ಗಾಡಿ ಅನ್ನುವುದೊಂದೇ ಕೊರತೆ. 2020ರ ನಂತರ ಸಿವಿಕ್ ಕೂಪೆ ಮಾಡುವುದನ್ನೇ ಬಿಟ್ಟರು, ಹಾಗಾಗಿ ಚೆನ್ನಾಗಿರುವುದಕ್ಕೆ ಬೆಲೆ ಬೇಗ ಇಳಿಯುವುದಿಲ್ಲ. ಹೊಸ ಪ್ರಿಲ್ಯೂಡ್ ಬಂದಿದೆ, ಚೆಂದವೂ ಇದೆ. ಆದರೆ 42 ಸಾವಿರ ಡಾಲರ್, ಹೈಬ್ರಿಡ್, ಕ್ಲಚ್ ಇಲ್ಲ. ಈ ಚರ್ಚೆಗೆ ಅದು ಬರುವುದೇ ಇಲ್ಲ.

ಜಯನಗರ_ನಾಲ್ಕನೇ_ಬ್ಲಾಕ್

ಬೆಂಗಳೂರಿನಿಂದ ಓದುತ್ತಿದ್ದೇನೆ. 17 ಸಾವಿರ ಡಾಲರ್ ಅಂದರೆ ನಮ್ಮಲ್ಲಿ ಒಂದು ಮಧ್ಯಮ ಎಸ್‌ಯುವಿ ಬೆಲೆ. ಇಲ್ಲಿ ಟೊಯೋಟಾ ಆ 86 ಮಾರುವುದೇ ಇಲ್ಲ. ಮಸ್ಟಾಂಗ್ ಬಂದಾಗ 65 ಲಕ್ಷ ಇತ್ತು. ನಮ್ಮ ಹುಡುಗರು ಹಳೆಯ ಪೋಲೊ, ಆಕ್ಟೇವಿಯಾ ಹುಡುಕಿಕೊಂಡು ನಂದಿ ಬೆಟ್ಟಕ್ಕೆ ಹೋಗುತ್ತಾರೆ. ಒಂದು ಪ್ರಶ್ನೆ. ವಾಪಸ್ ಬರುವಾಗ ಈ ಗಾಡಿ ತರಬಹುದಾ?

ದಾವಣಗೆರೆ_ಡೆಟ್ರಾಯ್ಟ್

ತರಲು ಆಗುವುದಿಲ್ಲ. ಭಾರತಕ್ಕೆ ಹಳೆಯ ಗಾಡಿ ತರಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು, ಗಾಡಿಗೆ ಮೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಬಾರದು. ಅಮೆರಿಕದ ಗಾಡಿ ಮೊದಲನೆಯದರಲ್ಲೇ ಬಿದ್ದುಹೋಯಿತು. ಇಲ್ಲೇ ಅನುಭವಿಸಿ ಇಲ್ಲೇ ಮಾರಿ ಬರಬೇಕು.

ಕೊಪ್ಪ_ಕೊಲಂಬಸ್ (ಗುರುವಾರ)

ಎಲ್ಲರಿಗೂ ತುಂಬ ಧನ್ಯವಾದ. ಮಂಡ್ಯದವರ ಮಾತು ಕೇಳಿ ಇನ್ಶೂರೆನ್ಸ್ ಕೇಳಿದೆ. ಆರು ತಿಂಗಳಿಗೆ ಮಸ್ಟಾಂಗ್‌ಗೆ 940, 86ಕ್ಕೆ 610 ಡಾಲರ್ ಅಂದರು. ಮಸ್ಟಾಂಗ್ ಪಟ್ಟಿಯಿಂದ ತೆಗೆದೆ. ಸಾಲ ಮಾಡುವುದಿಲ್ಲ, ವೀಸಾ ಇನ್ನೂ ಎಚ್-1ಬಿಯೇ. ಹೆಂಡತಿ ಪುತ್ತೂರಿನ ಅಕ್ಕನ ಬರಹ ಓದಿ, ಹಾಗಾದರೆ ಅಕ್ಕಿ ತರುವ ಕೆಲಸ ನಿನ್ನದೇ ಅಂದಳು.

ಶನಿವಾರ 2017ರ 86 ನೋಡಲು ಹೋಗುವಾಗ ಏನೇನು ನೋಡಬೇಕು?

ದಾವಣಗೆರೆ_ಡೆಟ್ರಾಯ್ಟ್

ಹಿಂದಿನ ರಾತ್ರಿಯೇ ಮಾಲೀಕರಿಗೆ ಹೇಳಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಸ್ಟಾರ್ಟ್ ಆದಾಗ ಜೀರುಂಡೆಯಂಥ ಚಿಕ್ ಚಿಕ್ ಸದ್ದು ಬಂದರೆ ಹೆದರಬೇಡಿ, ಅದು ಫ್ಯುಯೆಲ್ ಪಂಪಿನದು, ಈ ಗಾಡಿಗಳಲ್ಲಿ ಮಾಮೂಲಿ. ಕೆಳಗಿನಿಂದ ಟಕ್ ಟಕ್ ಅಂತ ಗಟ್ಟಿ ಬಡಿತ ಬಂದರೆ ಅಲ್ಲಿಂದಲೇ ನಮಸ್ಕಾರ ಹೇಳಿ.

ಕ್ಲಚ್ ನಿಧಾನ ಒತ್ತಿ ಬಿಡಿ, ಕಿವಿಗೊಡಿ. ಗೇರ್‌ಬಾಕ್ಸ್ ತಣ್ಣಗಿರುವಾಗ ಸೆಕೆಂಡ್ ಗೇರ್ ಗಟ್ಟಿ ಇರುತ್ತದೆ, ಹತ್ತು ನಿಮಿಷ ಓಡಿಸಿದ ಮೇಲೂ ಕರ್ ಅಂದರೆ ಒಳಗೆ ಸವೆದಿದೆ. ಎಂಜಿನ್ ಮುಂಭಾಗದ ಕವರ್ ಸುತ್ತ ಎಣ್ಣೆ ಜಿನುಗಿದೆಯಾ ಟಾರ್ಚ್ ಹಾಕಿ ನೋಡಿ. ಸ್ಪಾರ್ಕ್ ಪ್ಲಗ್ 60 ಸಾವಿರ ಮೈಲಿಗೆ ಬದಲಿಸಬೇಕು. ಬಾಕ್ಸರ್ ಎಂಜಿನ್‌ನಲ್ಲಿ ಪ್ಲಗ್ ಇರುವುದು ಎರಡೂ ಪಕ್ಕಕ್ಕೆ, ಚಾಸಿಸ್ ಗೋಡೆಗೆ ಅಂಟಿಕೊಂಡ ಹಾಗೆ. ಕೈ ಹೋಗುವುದೇ ಕಷ್ಟ, ಹಾಗಾಗಿ ಕೂಲಿ ಜಾಸ್ತಿ. 58 ಸಾವಿರ ಓಡಿದ ಗಾಡಿಗೆ ಅದು ನಿಮ್ಮ ತಲೆ ಮೇಲೇ ಬರುತ್ತದೆ, ಬೆಲೆಯಲ್ಲಿ ಇಳಿಸಿಕೊಳ್ಳಿ.

ಟೈರ್ ನಾಲ್ಕೂ ಒಂದೇ ಕಂಪನಿಯದಾ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3219 ಅಂದರೆ 2019ರ 32ನೇ ವಾರ ತಯಾರಾದದ್ದು. ಸೈಲೆನ್ಸರ್ ಬೋಲ್ಟ್‌ಗಳಲ್ಲಿ ಸ್ಪ್ಯಾನರ್ ಗುರುತು ಹೊಸದಾಗಿ ಇದ್ದರೆ ಅದು ಏನೇನೋ ಮಾಡಿಸಿಕೊಂಡು, ಮಾರುವ ಮುಂಚೆ ಹಳೆಯದನ್ನೇ ಜೋಡಿಸಿದ ಗಾಡಿ. ಇಂಥ ಗಾಡಿಗಳಲ್ಲಿ ಅದು ತುಂಬ ಸಾಮಾನ್ಯ. ಪವರ್ ಹೆಚ್ಚಿಸುವ ಸೂಪರ್‌ಚಾರ್ಜರ್ ಹಾಕಿ ಎರಡು ವರ್ಷ ಬಡಿದು, ತೆಗೆದು ಮಾರಿದರೆ ಹೊರಗಿನಿಂದ ನಿಮಗೆ ಹೇಗೆ ಗೊತ್ತಾಗಬೇಕು?

ಓಹಾಯೊ ಆದ್ದರಿಂದ ಕೆಳಗೆ ಬಗ್ಗಿ ತುಕ್ಕು ನೋಡಿ. ರಸ್ತೆಗೆ ಸುರಿಯುವ ಉಪ್ಪು ಬ್ರೇಕ್ ಪೈಪನ್ನೂ ಸಬ್‌ಫ್ರೇಮನ್ನೂ ತಿನ್ನುತ್ತದೆ.

ಎಲ್ಲ ಸರಿ ಕಂಡರೂ ದುಡ್ಡು ಕೊಡುವ ಮುಂಚೆ ನಿಮ್ಮ ಆಯ್ಕೆಯ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಎತ್ತಿಸಿ ನೋಡಿಸಿ. ಮಾಲೀಕರು ಬೇಡ ಅಂದರೆ ಉತ್ತರ ಅಲ್ಲೇ ಸಿಕ್ಕಿತು.

ಕೊಪ್ಪ_ಕೊಲಂಬಸ್ (ಶನಿವಾರ ಸಂಜೆ)

ಹೋಗಿ ಬಂದೆ. ಬೇಜಾರಾಗಿದೆ.

ಹೊರಗಿನಿಂದ ಗಾಡಿ ಹೊಳೆಯುತ್ತಿತ್ತು. ಬಾನೆಟ್ ತಣ್ಣಗಿತ್ತು. ಸದ್ದೂ ಚೆನ್ನಾಗಿತ್ತು. ಓಡಿಸಿದೆ. ಮೊದಲ ತಿರುವಿನಲ್ಲೇ ಗೊತ್ತಾಯಿತು, ಇದೇ ಬೇಕು ಅಂತ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಮೂಗು ಅಲ್ಲಿಗೇ ಹೋಗುತ್ತದೆ. ಅಪ್ಪನ ನೆನಪಾಯಿತು. ಅಲ್ಲೇ ದುಡ್ಡು ಕೊಟ್ಟುಬಿಡುತ್ತಿದ್ದೆ, ದಾವಣಗೆರೆ ಅಣ್ಣ ಬರೆದದ್ದು ಕಣ್ಣ ಮುಂದೆ ಇಲ್ಲದಿದ್ದರೆ.

ಮೆಕ್ಯಾನಿಕ್ ಹತ್ತಿರ ಹೋದೆವು, 180 ಡಾಲರ್. ಲಿಫ್ಟ್ ಮೇಲೆ ಏರಿಸಿದ ಐದು ನಿಮಿಷಕ್ಕೆ ಕರೆದರು. ಮುಂದೆ ರೇಡಿಯೇಟರ್ ಹಿಡಿದಿರುವ ಅಡ್ಡಪಟ್ಟಿ ಹೊಸದು. ಎಡ ಫೆಂಡರಿನ ಬೋಲ್ಟ್‌ಗಳಲ್ಲಿ ಬಣ್ಣ ಕಿತ್ತಿದೆ. ಬಲಗಡೆ ಬಾಡಿ ಭಾಗಗಳ ಮೇಲೆ ವಿನ್ ಸ್ಟಿಕರ್ ಇದೆ, ಎಡಗಡೆ ಇಲ್ಲ, ಅಂದರೆ ಆ ಭಾಗಗಳನ್ನು ಬದಲಿಸಿದ್ದಾರೆ. ಇನ್ನೂ ಕೆಳಗೆ ಫ್ರೇಮಿನಲ್ಲಿ ಎಳೆದು ನೇರ ಮಾಡಿದ ಕ್ಲಾಂಪಿನ ಹಲ್ಲಿನ ಗುರುತು. ಗಾಡಿಯ ಹಿಂದಿನ ಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್ ರಿಪೋರ್ಟಿನಲ್ಲಿ ಅಪಘಾತವೇ ಇರಲಿಲ್ಲ!

ಮಾಲೀಕರು ತಾನು ತಗೊಂಡಾಗಲೇ ಹಾಗಿತ್ತು, ನನಗೂ ಗೊತ್ತಿರಲಿಲ್ಲ ಅಂದರು. ಅವರ ಮುಖ ನೋಡಿದರೆ ನಿಜವೇ ಹೇಳಿದ ಹಾಗಿತ್ತು. ಕೈ ಕುಲುಕಿ ಬಂದೆ.

ತುಮಕೂರು_ಟ್ಯಾಂಪಾ

ನೀವು ಉಳಿದುಕೊಂಡಿರಿ. ನಾನು ಉಳಿಯಲಿಲ್ಲ. ನಾಲ್ಕು ವರ್ಷದ ಹಿಂದೆ ಒಬ್ಬ ಡೀಲರ್ ಹತ್ತಿರ ಹಳೆಯ ಕೂಪೆ ತಗೊಂಡೆ. ರಿಪೋರ್ಟ್ ಕ್ಲೀನ್ ಇದೆ, ಇನ್ನೇನು ಬೇಕು ಅಂದರು. ನಂಬಿದೆ. ಆರು ತಿಂಗಳಿಗೆ ಒಳಗಿನ ಟೈರ್ ಅಂಚು ತಿಂದುಹೋಯಿತು. ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲಲಿಲ್ಲ. ಫ್ರೇಮ್ ಅರ್ಧ ಇಂಚು ಸೊಟ್ಟ ಇತ್ತು. ಇನ್ಶೂರೆನ್ಸ್‌ಗೆ ಹೋಗದೆ ಕೈಯಿಂದ ದುಡ್ಡು ಕೊಟ್ಟು ರಿಪೇರಿ ಮಾಡಿಸಿದರೆ ಯಾವ ರಿಪೋರ್ಟಿಗೂ ಬರುವುದಿಲ್ಲ. ಆಮೇಲೆ ಮಾರುವಾಗ ಐದು ಸಾವಿರ ಕಳೆದುಕೊಂಡೆ. ಕೊಂಡವರಿಗೆ ಎಲ್ಲ ತೋರಿಸಿಯೇ ಮಾರಿದೆ.

ಆ 180 ಡಾಲರ್ ಹೋಯಿತು ಅಂತ ಅಂದುಕೊಳ್ಳಬೇಡಿ.

ಪುತ್ತೂರಿನ_ಅಕ್ಕ

ಬೇಜಾರು ಮಾಡಿಕೊಳ್ಳಬೇಡಿ ತಮ್ಮಾ. ನಾವು ನಮ್ಮದು ಸಿಗುವ ಮುಂಚೆ ಆರು ಗಾಡಿ ನೋಡಿದ್ದೆವು. ಬಣ್ಣದ ಆಸೆ ಬಿಡಿ, ದೂರದ ಲೆಕ್ಕ ಬಿಡಿ. ಇನ್ನೂರು ಮೈಲಿ ಆಚೆ ಇದ್ದರೂ ಹೋಗಿ ನೋಡಿ. ವಯಸ್ಸಾದವರ ಗಾಡಿ ಸಿಕ್ಕರೆ ಬಿಡಬೇಡಿ.

ಕೊಪ್ಪ_ಕೊಲಂಬಸ್ (ಮೂರು ವಾರದ ನಂತರ)

ಸಿಕ್ಕಿತು!

2018ರ ಬಿಆರ್‌ಝಡ್, ಮ್ಯಾನ್ಯುವಲ್, 71 ಸಾವಿರ ಮೈಲಿ, ಕಡುನೀಲಿ. ಸಿನ್ಸಿನಾಟಿ ಹತ್ತಿರ. ಮಾರಿದವರು ನಿವೃತ್ತ ಶಾಲಾ ಮೇಷ್ಟ್ರು. ಮಂಡಿ ನೋವು ಬಂದಿದೆ, ಇಷ್ಟು ತಗ್ಗಿನ ಗಾಡಿಯಿಂದ ಏಳಲು ಆಗುತ್ತಿಲ್ಲ ಅಂದರು. ಅಕ್ಕಾ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು.

ಅವರು ಒಂದು ಫೈಲ್ ಕೊಟ್ಟರು. ಪ್ರತಿ ಎಣ್ಣೆ ಬದಲಿಸಿದ ರಸೀದಿ, ಮೈಲಿ ಸಮೇತ, ತಾರೀಖಿನ ಪ್ರಕಾರ. 0ಡಬ್ಲ್ಯು-20 ಸಿಂಥೆಟಿಕ್ ಬಿಟ್ಟು ಬೇರೆ ಹಾಕಿಲ್ಲ. 60 ಸಾವಿರಕ್ಕೆ ಪ್ಲಗ್ ಬದಲಿಸಿದ ರಸೀದಿ ಇದೆ. ಚಳಿಗಾಲದಲ್ಲಿ ಗ್ಯಾರೇಜಿನಿಂದ ತೆಗೆಯುತ್ತಿರಲಿಲ್ಲವಂತೆ. ಕೆಳಗೆ ಟಾರ್ಚ್ ಹಾಕಿ ನೋಡಿದೆ, ತುಕ್ಕು ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿನ ಒಬ್ಬ ಸುಬಾರು ಮೆಕ್ಯಾನಿಕ್ ಹತ್ತಿರ ತೋರಿಸಿದೆ. ಅವರು ಎರಡು ವಿಷಯ ಹೇಳಿದರು. ಹಿಂದಿನ ಬ್ರೇಕ್ ಪ್ಯಾಡ್ ಮುಗಿಯುತ್ತಾ ಬಂದಿದೆ, ಟೈರ್ ಏಳು ವರ್ಷ ಹಳೆಯದು. ರಬ್ಬರ್ ಇದೆ, ಆದರೆ ಬಿರುಕು ಬಿಟ್ಟಿದೆ. ವಿನ್ ಹಾಕಿ ರೀಕಾಲ್ ನೋಡಿದೆ, ಬಾಕಿ ಏನೂ ಇಲ್ಲ.

17,200 ಕೇಳಿದ್ದರು. ಟೈರು ಬ್ರೇಕಿನ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿದೆ. 16,400ಕ್ಕೆ ಒಪ್ಪಿದರು. ಮಾತು ಅಷ್ಟೇ, ಒಂದೇ ಸಲ.

ಇಲ್ಲಿ ಟೈಟಲ್, ಅಂದರೆ ಗಾಡಿಯ ಮಾಲೀಕತ್ವದ ಪತ್ರದ ಮೇಲೆ ಮಾರುವವರ ಸಹಿ ನೋಟರಿ ಎದುರೇ ಆಗಬೇಕು. ಹಾಗಾಗಿ ಇಬ್ಬರೂ ಕೌಂಟಿಯ ಟೈಟಲ್ ಆಫೀಸಿಗೇ ಹೋದೆವು. ಅಲ್ಲೇ ನೋಟರಿ, ಅಲ್ಲೇ ಟ್ಯಾಕ್ಸ್, ಅಲ್ಲೇ ನನ್ನ ಹೆಸರಿಗೆ ಟೈಟಲ್. ಬ್ಯಾಂಕಿನ ಕ್ಯಾಷಿಯರ್ ಚೆಕ್ ಕೊಟ್ಟೆ. ಬೀಗದ ಕೈ ಕೊಡುವಾಗ ಮೇಷ್ಟ್ರು ಗಾಡಿಯ ಮೇಲೆ ಒಮ್ಮೆ ಕೈ ಇಟ್ಟರು. ನಾನು ಮುಖ ಬೇರೆ ಕಡೆ ತಿರುಗಿಸಿದೆ.

ಮಂಡ್ಯ_ಮಸ್ಟಾಂಗ್

ಒಳ್ಳೆಯದಾಗಲಿ ಗುರುಗಳೇ. ಕೊನೆಯ ಸಾಲು ಓದಿ ನನಗೂ ಗಂಟಲು ಕಟ್ಟಿತು.

ಹುಬ್ಬಳ್ಳಿ_ಹ್ಯೂಸ್ಟನ್

ಭಾರಿ ಖುಷಿ ಆತ್ರಿ. ಹತ್ತಿರದಲ್ಲಿ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದವರ (ಎಸ್‌ಸಿಸಿಎ) ಆಟೋಕ್ರಾಸ್ ಇದ್ದರೆ ಒಂದು ಭಾನುವಾರ ಹೋಗಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಕೋನ್ ಇಟ್ಟಿರುತ್ತಾರೆ, ಒಬ್ಬೊಬ್ಬರೇ ಓಡಿಸುವುದು. ರಸ್ತೆ ಮೇಲೆ ಗಾಡಿಯ ಮಿತಿ ಹುಡುಕಬೇಡಿ, ಅಲ್ಲಿ ಹುಡುಕಿ. ನಿಮ್ಮ ರಾಜ್ಯದಲ್ಲೇ ಮಿಡ್-ಒಹಾಯೊ ಟ್ರ್ಯಾಕ್ ಇದೆ, ಅದು ಆಮೇಲೆ.

ಕೊಪ್ಪ_ಕೊಲಂಬಸ್

ಹೋಗುತ್ತೇನೆ ಸರ್. ದಾವಣಗೆರೆ ಅಣ್ಣಾ, ಒಂದು ಕೊನೆಯ ಪ್ರಶ್ನೆ. ಟೈರ್ 215/45 17 ಇದೆ. ಅಗಲ ಜಾಸ್ತಿ ಮಾಡಿ 225 ಅಥವಾ 235 ಹಾಕಿಸಲಾ? ಅಂಗಡಿಯವರು ಹಿಡಿತ ಹೆಚ್ಚುತ್ತದೆ ಅನ್ನುತ್ತಿದ್ದಾರೆ.

ದಾವಣಗೆರೆ_ಡೆಟ್ರಾಯ್ಟ್

ಬೇಡ. ಈಗಲೇ ಬೇಡ. ಕಂಪನಿಯವರು ಇದಕ್ಕೆ ಬೇಕೆಂದೇ ಸಣ್ಣ, ಸಾಧಾರಣ ಟೈರ್ ಕೊಟ್ಟರು. ಹಿಡಿತ ಕಡಿಮೆ ಇರುವುದರಿಂದ ಗಾಡಿ ಏನು ಹೇಳುತ್ತಿದೆ ಅನ್ನುವುದು ಕಡಿಮೆ ವೇಗದಲ್ಲೇ ಕೇಳಿಸುತ್ತದೆ. ಅದೇ ಅಳತೆಯಲ್ಲಿ ಒಳ್ಳೆಯ ಬೇಸಿಗೆ ಟೈರ್ ಹಾಕಿಸಿ, ನವೆಂಬರ್‌ಗೆ ವಿಂಟರ್ ಟೈರ್ ಬೇರೆ ಚಕ್ರದ ಮೇಲೆ ಇಟ್ಟುಕೊಳ್ಳಿ. ಒಂದು ವರ್ಷ ಹಾಗೇ ಓಡಿಸಿ. ಎಂಜಿನ್ನಿಗೂ ಏನೂ ಮಾಡಿಸಬೇಡಿ. ಮೇಷ್ಟ್ರು ಇಷ್ಟು ವರ್ಷ ಕಾಪಾಡಿದ ಗಾಡಿ ಅದು.

ಮತ್ತೆ ಝೇನ್ಸ್‌ವಿಲ್‌ನಿಂದ ದಕ್ಷಿಣಕ್ಕೆ ಹೋಗುವ 555 ರಸ್ತೆ ನಿಮಗೆ ಒಂದೂವರೆ ಗಂಟೆಯೂ ಆಗದು. ಟ್ರಿಪಲ್ ನಿಕಲ್ ಅಂತ ಕರೆಯುತ್ತಾರೆ, ನಿಕಲ್ ಅಂದರೆ ಐದು ಸೆಂಟಿನ ನಾಣ್ಯ. ದಿಬ್ಬ ಹತ್ತಿದ ಮೇಲೆ ಆಚೆ ರಸ್ತೆ ಯಾವ ಕಡೆ ಹೋಗುತ್ತದೆ ಅಂತ ಕಾಣುವುದಿಲ್ಲ, ಜಲ್ಲಿಯೂ ಬಿದ್ದಿರುತ್ತದೆ. ಮೊದಲ ಸಲ ನಿಧಾನ ಹೋಗಿ.

ಕೊಪ್ಪ_ಕೊಲಂಬಸ್ (ಭಾನುವಾರ)

ಹೊಸ ಟೈರ್ ಹಾಕಿಸಿ ಇವತ್ತು ಬೆಳಿಗ್ಗೆ 555ಕ್ಕೆ ಹೋಗಿ ಬಂದೆ. ಚೆಸ್ಟರ್‌ಹಿಲ್‌ವರೆಗೆ. ಕಿಟಕಿ ಇಳಿಸಿದ್ದೆ. ಮಳೆ ಬಂದು ನಿಂತಿತ್ತು, ಕಾಡಿನ ವಾಸನೆ ನಮ್ಮೂರಿನದೇ. ದಿಬ್ಬ ಇಳಿಯುವ ಮುಂಚೆ ಸೆಕೆಂಡ್‌ಗೆ ಇಳಿಸಿದೆ, ಬ್ರೇಕ್ ಮೇಲೆ ಕೂರಲಿಲ್ಲ. ಅಲ್ಲೊಂದು ಚರ್ಚಿನ ಮುಂದೆ ನಿಲ್ಲಿಸಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಗಾಡಿ ಸುತ್ತ ಫೋನ್ ಹಿಡಿದು ತೋರಿಸಿದೆ. ಅಪ್ಪ ಎಲ್ಲ ನೋಡಿ, ಎಂಜಿನ್ ಸದ್ದು ಕೇಳಿಸು ಅಂದರು. ಬಾನೆಟ್ ತೆಗೆದು ಫೋನ್ ಹತ್ತಿರ ಹಿಡಿದೆ. ಐದು ನಿಮಿಷ ಅವರು ಮಾತೇ ಆಡದೆ ಕೇಳಿದರು.